ಸುಬ್ಬರಾವ್ ಮತ್ತು ಹುಸಿ ವಿಟಮಿನ್

ಮಕ್ಕಳೇ, ಯೆಲ್ಲಾಪ್ರಗಡ ಸುಬ್ಬರಾವ್ ಹೆಸರು ಕೇಳಿದ್ದೀರಾ? 1895ರಲ್ಲಿ ಈಗಿನ ಆಂಧ್ರಪ್ರದೇಶದ ಭೀಮಾವರದಲ್ಲಿ ಹುಟ್ಟಿದ ಇವರ ಇಬ್ಬರು ಸೋದರರನ್ನು ಸ್ಪ್ರೂ ಎಂಬ ಕರುಳಿನ ರೋಗ ಬಲಿ ತೆಗೆದುಕೊಂಡಿತು. ಇವರು ವೈದ್ಯಕೀಯ ಓದಿ ಅಮೆರಿಕಕ್ಕೆ ಹೋದರು. ಮುಂದೆ ಅಲ್ಲಿ ಅವರ ತಂಡ ಫೋಲಿಕ್ ಆಮ್ಲವೆಂಬ ವಿಟಮಿನ್ ತಯಾರಿಸಿತು. ಅದು ಸ್ಪ್ರೂ ರೋಗಕ್ಕೂ ಮದ್ದಾಯಿತು!

ಜೀವಕೋಶ ಎರಡಾಗುವ ಮುನ್ನ ತನ್ನ ಡಿ.ಎನ್.ಎ.ಯ ಪ್ರತಿ ಮಾಡಿಕೊಳ್ಳಬೇಕು. ಅದಕ್ಕೆ ಈ ವಿಟಮಿನ್ ಬೇಕು. ರಕ್ತಕ್ಯಾನ್ಸರಿನ ಕೋಶಗಳಿಗೂ ಬೇಕು. ಹಾಗಾದರೆ, ವಿಟಮಿನ್ನಿನಂತೆಯೇ ಕಾಣುವ ಹುಸಿ ವಸ್ತು ಕೊಟ್ಟರೆ? ಬೀಗದೊಳಗೆ ತಪ್ಪು ಕೀಲಿ ಸಿಕ್ಕಿಕೊಂಡಂತೆ ಕೋಶದ ಕೆಲಸ ನಿಲ್ಲುತ್ತದೆ. ಹೀಗೆ ಅವರ ತಂಡ ಮಾಡಿದ್ದೇ ಅಮಿನಾಪ್ಟೆರಿನ್.

1947-48ರಲ್ಲಿ ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಅದನ್ನು ರಕ್ತಕ್ಯಾನ್ಸರಿದ್ದ ಮಕ್ಕಳಿಗೆ ಕೊಟ್ಟರು. ಕೆಲವರು ಚೇತರಿಸಿಕೊಂಡರು, ಆದರೆ ಕೆಲವು ತಿಂಗಳಷ್ಟೇ. 1948ರಲ್ಲಿ, 53ನೇ ವಯಸ್ಸಿನಲ್ಲಿ ಸುಬ್ಬರಾವ್ ತೀರಿಕೊಂಡರು. ಅದೇ ಜಾತಿಯ ಮೆಥೊಟ್ರೆಕ್ಸೇಟ್ ಇಂದಿಗೂ ಮಕ್ಕಳ ರಕ್ತಕ್ಯಾನ್ಸರಿಗೆ ಮದ್ದು.