ಬಾಸ್ಕೆಟ್‌ಬಾಲಿನ ಜನಕ ಡಾ. ಜೇಮ್ಸ್ ನೈಸ್ಮಿತ್

ಕೆಲವು ಹೈಸ್ಕೂಲುಗಳ ಮೈದಾನದ ಮೂಲೆಯಲ್ಲಿ ಎರಡು ಕಂಬ, ಅವುಗಳ ತುದಿಯಲ್ಲಿ ಹಲಗೆ, ಹಲಗೆಗೆ ತಗುಲಿಸಿದ ಕಬ್ಬಿಣದ ಬಳೆ ಇರುವುದನ್ನು ಓದುಗರು ನೋಡಿರಬಹುದು. ಆ ಬಳೆಯೊಳಗೆ ಚೆಂಡು ಹಾಕುವ ಆಟವೇ ಬಾಸ್ಕೆಟ್‌ಬಾಲ್. ಹೆಚ್ಚಿನ ಆಟಗಳನ್ನು ಯಾರು, ಯಾವಾಗ ಆರಂಭಿಸಿದರೆಂದು ಹೇಳಲು ಬಾರದು. ಈ ಆಟಕ್ಕೆ ಮಾತ್ರ ಜನ್ಮದಿನವೂ ಉಂಟು, ಜನಕನೂ ಉಂಟು. ಅವರೇ ಡಾ. ಜೇಮ್ಸ್ ನೈಸ್ಮಿತ್.

ಸೋಜಿಗದ ಸಂಗತಿಯೆಂದರೆ, ಆಟವನ್ನು ಕಂಡುಹಿಡಿದ ಇವರು ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾನಿಲಯದ ತಂಡಕ್ಕೆ ತರಬೇತುದಾರರಾಗಿದ್ದಾಗ ಗೆದ್ದದ್ದು 55 ಪಂದ್ಯ, ಸೋತದ್ದು 60. ಆ ವಿಶ್ವವಿದ್ಯಾನಿಲಯದ ಬಾಸ್ಕೆಟ್‌ಬಾಲ್ ತರಬೇತುದಾರರಲ್ಲಿ ಗೆಲುವಿಗಿಂತ ಸೋಲೇ ಹೆಚ್ಚಾಗಿರುವವರು ಇವರೊಬ್ಬರೇ. ಆದರೂ ಎಳೆಯರಿಗೆ ಆಟ ಕಲಿಸುವುದು ಹೇಗೆ, ಏತಕ್ಕಾಗಿ ಎಂಬ ಪ್ರಶ್ನೆ ಅಲ್ಲಿ ಎದ್ದಾಗಲೆಲ್ಲ ಈ ಸೋತ ಗುರುವಿನ ನೆನಪು ಮಾಡಿಕೊಳ್ಳುವುದು ಯೋಗ್ಯವಾಗಿದೆ.

ಅನಾಥ ಬಾಲಕ

ನೈಸ್ಮಿತ್ ಹುಟ್ಟಿದ್ದು 1861ರ ನವೆಂಬರ್ 6ರಂದು, ಕೆನಡಾದ ಒಂಟಾರಿಯೋ ಪ್ರಾಂತದ ಆಲ್ಮಂಟ್ ಎಂಬ ಊರಿನ ಬಳಿ. ತಂದೆತಾಯಿ ಸ್ಕಾಟ್ಲೆಂಡಿನಿಂದ ಬಂದು ನೆಲೆಸಿದವರು. 1870ರಲ್ಲಿ ವಿಷಮಶೀತ ಜ್ವರಕ್ಕೆ ಇಬ್ಬರೂ ಬಲಿಯಾದರು. ಅನಾಥನಾದ ಬಾಲಕನನ್ನು ಮುಂದೆ ಸಾಕಿದವರು ಸೋದರಮಾವ. ಹದಿನೈದರ ಪ್ರಾಯದಲ್ಲಿ ಹುಡುಗ ಶಾಲೆ ಬಿಟ್ಟು ಮರ ಕಡಿಯುವ ಕೆಲಸಕ್ಕೆ ಹೋದ. ಕೆಲವು ವರ್ಷಗಳ ಬಳಿಕ ಮನಸ್ಸು ಬದಲಿಸಿ, ತನಗಿಂತ ಎಷ್ಟೋ ಚಿಕ್ಕವರ ಜತೆಯಲ್ಲಿ ಪುನಃ ಶಾಲೆಯಲ್ಲಿ ಕುಳಿತ. 1883ರಲ್ಲಿ ಮಾಂಟ್ರಿಯಲ್ಲಿನ ಮ್ಯಾಕ್‌ಗಿಲ್ ವಿಶ್ವವಿದ್ಯಾನಿಲಯ ಸೇರಿದ.

ಅಲ್ಲಿ ಹಗಲು ಓದು, ಸಂಜೆ ಆಟ. ಪದವಿಯ ಬಳಿಕ ಪಾದ್ರಿಯಾಗುವುದಕ್ಕೆ ಧರ್ಮಶಾಸ್ತ್ರದ ಅಧ್ಯಯನ. ಆಟ ಮತ್ತು ದೇವರ ಸೇವೆ ಒಂದಕ್ಕೊಂದು ಹೊಂದದೆಂದು ಹಿತೈಷಿಗಳು ಬೇಸರಪಟ್ಟರು. ಆದರೆ ಫುಟ್‌ಬಾಲ್ ಮೈದಾನದ ಒಂದು ಚಿಕ್ಕ ಘಟನೆ ಅವರ ಮನಸ್ಸಿನಲ್ಲಿ ನಾಟಿತು. ಕೋಪದಿಂದ ಕೆಟ್ಟ ಮಾತಾಡಿದ ಜತೆ ಆಟಗಾರನೊಬ್ಬ ಪಕ್ಕದಲ್ಲಿ ನೈಸ್ಮಿತ್ ಇರುವುದನ್ನು ಕಂಡು ನಾಚಿ ಕ್ಷಮೆ ಬೇಡಿದ. ನೈಸ್ಮಿತ್ ಅವನನ್ನು ಗದರಿಸಿದವರಲ್ಲ, ಅವನಿಗೆ ಬೋಧಿಸಿದವರೂ ಅಲ್ಲ. ಯುವಕರ ನಡತೆ ತಿದ್ದಲು ಆಟದ ಮೈದಾನವೂ ಒಂದು ಸ್ಥಳ ಎಂದು ಅವರಿಗೆ ಅಂದು ಹೊಳೆಯಿತು. 1890ರಲ್ಲಿ ಅವರು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡಿನಲ್ಲಿದ್ದ ವೈ.ಎಂ.ಸಿ.ಎ. ತರಬೇತಿ ಶಾಲೆಗೆ ಬಂದರು.

ಹದಿನಾಲ್ಕು ದಿನಗಳ ಗಡುವು

ಆ ಕಾಲದಲ್ಲಿ ವ್ಯಾಯಾಮವೆಂದರೆ ಸಾಲಾಗಿ ನಿಂತು ಕೈಕಾಲು ಆಡಿಸುವ ಕಸರತ್ತು. ಚಳಿಗಾಲದಲ್ಲಿ ಹೊರಗೆಲ್ಲ ಹಿಮ; ನಾಲ್ಕು ಗೋಡೆಗಳ ಒಳಗೆ ದಿನವೂ ಅದೇ ಡ್ರಿಲ್. ಹದಿನೆಂಟು ಮಂದಿಯ ಒಂದು ತರಗತಿ ಇದರಿಂದ ರೋಸಿಹೋಗಿತ್ತು. ಇಬ್ಬರು ಶಿಕ್ಷಕರು ಅವರನ್ನು ಹಿಡಿತಕ್ಕೆ ತರಲಾಗದೆ ಕೈಬಿಟ್ಟರು. ವಿಭಾಗದ ಮುಖ್ಯಸ್ಥರಾದ ಲೂಥರ್ ಗ್ಯೂಲಿಕ್ ಅವರು ತರಗತಿಯನ್ನು ನೈಸ್ಮಿತ್‌ರಿಗೆ ಒಪ್ಪಿಸಿ, ಒಳಾಂಗಣದಲ್ಲಿ ಆಡಬಹುದಾದ ಹೊಸ ಆಟವೊಂದನ್ನು ಹದಿನಾಲ್ಕು ದಿನಗಳಲ್ಲಿ ಹುಡುಕುವಂತೆ ಹೇಳಿದರು.

ಇಲ್ಲಿ ನೈಸ್ಮಿತ್‌ರ ದೊಡ್ಡ ಗುಣ ಕಾಣುತ್ತದೆ. ಅವರು ಹುಡುಗರನ್ನು ದೂರಲಿಲ್ಲ; ತಪ್ಪು ಕಲಿಸುವ ರೀತಿಯಲ್ಲಿದೆ ಎಂದು ತಿಳಿದರು. ಮೊದಲು ಫುಟ್‌ಬಾಲ್, ಲಾಕ್ರಾಸ್ ಮುಂತಾದ ಹೊರಾಂಗಣದ ಆಟಗಳನ್ನೇ ಒಳಗೆ ಆಡಿಸಿ ನೋಡಿದರು. ತಳ್ಳಾಟ, ಪೆಟ್ಟು, ಒಡೆದ ಗಾಜು ಇಷ್ಟೇ ಫಲ. ಕೊನೆಗೆ ಕುಳಿತು ಯೋಚಿಸಿದರು. ಚೆಂಡು ಹಿಡಿದು ಓಡುವವನನ್ನು ತಡೆಯಲು ಹೋಗುವುದರಿಂದಲೇ ಹೊಡೆದಾಟ. ಹಾಗಾದರೆ ಚೆಂಡು ಹಿಡಿದು ಓಡಲೇ ಕೂಡದು. ಗೋಲು ನೆಲಮಟ್ಟದಲ್ಲಿದ್ದರೆ ಬಲವಾಗಿ ಎಸೆಯುತ್ತಾರೆ. ಹಾಗಾದರೆ ಅದು ತಲೆಯ ಮೇಲಿರಲಿ, ಜಾಣ್ಮೆಯಿಂದ ಮೆಲ್ಲಗೆ ಎಸೆಯಲಿ. ಬಾಲ್ಯದಲ್ಲಿ ಊರ ಮಕ್ಕಳೊಂದಿಗೆ ಆಡುತ್ತಿದ್ದ ಕಲ್ಲೆಸೆತದ ಆಟ ಇದಕ್ಕೆ ಪ್ರೇರಣೆಯಾಯಿತು.

ಗೋಲಿಗಾಗಿ ಎರಡು ಪೆಟ್ಟಿಗೆ ಕೇಳಿದಾಗ ಶಾಲೆಯ ಜವಾನ ತಂದುಕೊಟ್ಟದ್ದು ಪೀಚ್ ಹಣ್ಣಿನ ಎರಡು ಬುಟ್ಟಿ. ಅವನ್ನು ಹತ್ತು ಅಡಿ ಎತ್ತರದ ಉಪ್ಪರಿಗೆಯ ಅಂಚಿಗೆ ಮೊಳೆ ಹೊಡೆದು ಕೂರಿಸಿದರು. ಹದಿಮೂರು ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿದರು. 1891ರ ಡಿಸೆಂಬರಿನಲ್ಲಿ ಒಂಬತ್ತೊಂಬತ್ತು ಮಂದಿಯಾಗಿ ಫುಟ್‌ಬಾಲ್ ಚೆಂಡಿನಿಂದಲೇ ಆಡಿದ ಆ ಮೊದಲ ಪಂದ್ಯ 1-0 ಅಂತರದಲ್ಲಿ ಮುಗಿಯಿತು. ಆಟಕ್ಕೆ ಅವರ ಹೆಸರನ್ನೇ ಇಡುವ ಸಲಹೆ ಬಂದಾಗ ನಕ್ಕು ಬೇಡವೆಂದರು.

ಆ ಹದಿಮೂರು ನಿಯಮಗಳಲ್ಲಿ ತೀರ್ಪುಗಾರರ ಮಾತುಂಟು, ನಾಯಕರ ಮಾತುಂಟು. ತರಬೇತುದಾರನ ಸುದ್ದಿಯೇ ಇಲ್ಲ. ಆಟ ಆಡುವವರದು, ಆಟದ ನಡುವೆ ಯೋಚಿಸಿ ನಿರ್ಧರಿಸಬೇಕಾದವರೂ ಅವರೇ ಎಂಬುದು ನೈಸ್ಮಿತ್‌ರ ನಂಬಿಕೆ.

ಗುರು ಮತ್ತು ಇಬ್ಬರು ಶಿಷ್ಯರು

1895ರಲ್ಲಿ ಡೆನ್ವರಿಗೆ ಹೋಗಿ ವ್ಯಾಯಾಮ ಶಿಕ್ಷಕರಾಗಿ ದುಡಿಯುತ್ತಲೇ ವೈದ್ಯಶಾಸ್ತ್ರ ಓದಿ 1898ರಲ್ಲಿ ಡಾಕ್ಟರಾದರು. ಅದೇ ವರ್ಷ ಕಾನ್ಸಾಸ್ ವಿಶ್ವವಿದ್ಯಾನಿಲಯ ಸೇರಿ, ಸುಮಾರು ನಾಲ್ಕು ದಶಕ ಅಲ್ಲಿಯೇ ಸೇವೆ ಸಲ್ಲಿಸಿದರು. ತಂಡಕ್ಕೆ ಸೇರಿದ ಕೆಲವರಷ್ಟೇ ಅಲ್ಲ, ಪ್ರತಿಯೊಬ್ಬ ವಿದ್ಯಾರ್ಥಿಯ ದೇಹವೂ ದೃಢವಾಗಬೇಕೆಂಬುದು ಅವರ ಆಸೆ. ವಿದ್ಯಾರ್ಥಿಗಳ ಮೈಯಳತೆ ತೆಗೆದು ಬರೆದಿಡುತ್ತಿದ್ದರು. ಒಳ್ಳೆಯ ವ್ಯಾಯಾಮಕ್ಕೆ ತಮ್ಮ ಬಾಸ್ಕೆಟ್‌ಬಾಲಿಗಿಂತ ಕುಸ್ತಿಯೇ ಮೇಲೆಂದು ಒಪ್ಪಿಕೊಳ್ಳುವಷ್ಟು ನಿರಹಂಕಾರಿ.

ಅವರ ಶಿಷ್ಯ ಫಾರೆಸ್ಟ್ ಆಲೆನ್‌ಗೆ 1905ರ ಸುಮಾರಿಗೆ ಬೇಕರ್ ವಿಶ್ವವಿದ್ಯಾನಿಲಯದಿಂದ ತರಬೇತುದಾರನಾಗಲು ಕರೆ ಬಂತು. ಈ ಆಟವನ್ನು ಆಡುವುದುಂಟು, ಆಡಿಸಲು ಕಲಿಸುವುದೆಂಬುದು ಇಲ್ಲವೆಂದು ಗುರುಗಳು ನಗೆಯಾಡಿದರಂತೆ. ಶಿಷ್ಯ ಕೇಳಲಿಲ್ಲ. ಆಲೆನ್ ಮುಂದೆ ಕಾನ್ಸಾಸ್ ಒಂದಕ್ಕೇ 590 ಪಂದ್ಯ ಗೆಲ್ಲಿಸಿಕೊಟ್ಟರು. ಅಡಾಲ್ಫ್ ರಪ್, ಡೀನ್ ಸ್ಮಿತ್‌ರಂಥ ಹೆಸರಾಂತ ತರಬೇತುದಾರರನ್ನು ರೂಪಿಸಿದರು. ಆಟವನ್ನು ಶಾಸ್ತ್ರೀಯವಾಗಿ ಕಲಿಸಲು ಸಾಧ್ಯವೆಂಬ ವಿಷಯದಲ್ಲಿ ಗುರುವಿನ ಮಾತು ತಪ್ಪಾಯಿತೆಂದು ಒಪ್ಪಲೇಬೇಕು.

ಆದರೆ ಮತ್ತೊಬ್ಬ ಶಿಷ್ಯನ ಕಥೆ ಕೇಳಿ. 1933ರಲ್ಲಿ ಜಾನ್ ಮ್ಯಾಕ್‌ಲೆಂಡನ್ ಎಂಬ ಕರಿಯ ಯುವಕ ವ್ಯಾಯಾಮ ಶಿಕ್ಷಣ ಓದಲು ಕಾನ್ಸಾಸಿಗೆ ಬಂದ. ವಿಶ್ವವಿದ್ಯಾನಿಲಯದ ತಂಡದಲ್ಲಿ ಕರಿಯರಿಗೆ ಆಗ ಪ್ರವೇಶವಿರಲಿಲ್ಲ. ಎಪ್ಪತ್ತು ದಾಟಿದ ನೈಸ್ಮಿತ್ ಅವನನ್ನು ಹತ್ತಿರ ಕರೆದು, ತಮಗೆ ತಿಳಿದುದನ್ನೆಲ್ಲ ಧಾರೆಯೆರೆದರು. ಅಂಕಣಕ್ಕಿಳಿಯಲು ಅವಕಾಶವಿಲ್ಲದ ಆ ಯುವಕ 1936ರಲ್ಲಿ ಪದವಿ ಪಡೆದು, ವೇಗದ ಆಟದ ಹೊಸ ಪದ್ಧತಿಯನ್ನೇ ಬೆಳೆಸಿದ. ಟೆನೆಸಿ ರಾಜ್ಯದ ಕಾಲೇಜೊಂದರ ತಂಡ ಅವನ ಕೈಕೆಳಗೆ 1957, 1958, 1959ರಲ್ಲಿ ಸತತ ಮೂರು ಬಾರಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. 55-60ರ ಲೆಕ್ಕದಲ್ಲಿ ಸೇರದ ಗೆಲುವು ಇದು.

ಕೊನೆಯ ದಿನಗಳು

1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ ಬಾಸ್ಕೆಟ್‌ಬಾಲಿಗೆ ಸ್ಥಾನ ದೊರೆಯಿತು. ಅಮೆರಿಕದ ತರಬೇತುದಾರರು ಹಣ ಕೂಡಿಸಿ ವೃದ್ಧ ನೈಸ್ಮಿತ್‌ರನ್ನು ಅಲ್ಲಿಗೆ ಕಳುಹಿಸಿಕೊಟ್ಟರು. ಬಯಲಲ್ಲಿ, ಮಳೆ ಕೆಸರಿನ ನಡುವೆ ಅಂತಿಮ ಪಂದ್ಯ ನಡೆದು ಅಮೆರಿಕ ಕೆನಡಾವನ್ನು 19-8ರಿಂದ ಸೋಲಿಸಿತು. ಒಂದು ಅವರ ಹುಟ್ಟೂರಿನ ದೇಶ, ಇನ್ನೊಂದು ನೆಲೆಸಿದ ದೇಶ. 1939ರ ನವೆಂಬರ್ 28ರಂದು, 78ನೆಯ ವಯಸ್ಸಿನಲ್ಲಿ, ಕಾನ್ಸಾಸಿನ ಲಾರೆನ್ಸಿನಲ್ಲಿ ತೀರಿಕೊಂಡರು.

ಆಟದಿಂದ ಅವರು ಧನ ಸಂಪಾದಿಸಲಿಲ್ಲ. ಅವರ ಹದಿಮೂರು ನಿಯಮಗಳ ಆ ಎರಡು ಹಾಳೆಗಳು ಮಾತ್ರ 2010ರ ಹರಾಜಿನಲ್ಲಿ 43 ಲಕ್ಷ ಡಾಲರಿಗೆ ಮಾರಾಟವಾದವು.

ನಮಗೂ ಅವರಿಗೂ ಒಂದು ದೂರದ ನಂಟುಂಟು. ಸ್ಪ್ರಿಂಗ್‌ಫೀಲ್ಡಿನ ಅದೇ ಶಾಲೆಯಲ್ಲಿ ಕಲಿತ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದರಾಸಿನಲ್ಲಿ ವ್ಯಾಯಾಮ ಶಿಕ್ಷಕರ ಶಾಲೆ ತೆರೆದರು. ಕಾಸರಗೋಡು ಆಗ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಆ ಪ್ರಾಂತದ ಡ್ರಿಲ್ ಮಾಸ್ತರರು ಕಲಿತ ವಿದ್ಯೆಯಲ್ಲಿ ಸ್ಪ್ರಿಂಗ್‌ಫೀಲ್ಡಿನ ಪಾಲೂ ಇತ್ತು.

ಎಳೆಯ ಮಕ್ಕಳನ್ನು ಒಂದೇ ಆಟಕ್ಕೆ ಕಟ್ಟಿಹಾಕಿ, ವರ್ಷವಿಡೀ ಪಂದ್ಯಗಳಲ್ಲಿ ದಣಿಸುವ ಚಾಳಿ ಅಮೆರಿಕದಲ್ಲಿ ಬೆಳೆದಿದೆ. ಇದರಿಂದ ಎಳೆಯ ಕೀಲು ಮೂಳೆಗಳು ಸವೆಯುತ್ತವೆ, ಆಟದ ಮೇಲೇ ಜಿಗುಪ್ಸೆ ಹುಟ್ಟುತ್ತದೆ ಎಂದು ಅಲ್ಲಿನ ಮಕ್ಕಳ ವೈದ್ಯರು ಎಚ್ಚರಿಸಿದ್ದಾರೆ. 2016ರಲ್ಲಿ ಅಲ್ಲಿನ ಬಾಸ್ಕೆಟ್‌ಬಾಲ್ ಸಂಸ್ಥೆಗಳೇ ಮಾರ್ಗಸೂಚಿ ಹೊರಡಿಸಿ, ಹದಿನಾಲ್ಕು ವರ್ಷದ ತನಕ ಮಕ್ಕಳು ಹಲವು ಆಟ ಆಡಲಿ, ಅವರಿಗೆ ಸಾಕಷ್ಟು ವಿರಾಮ ಸಿಗಲಿ ಎಂದು ಸಲಹೆ ನೀಡಿದವು. ಮಕ್ಕಳು ಆಟಕ್ಕಾಗಿ ಇರುವುದಲ್ಲ, ಆಟ ಮಕ್ಕಳಿಗಾಗಿ ಇರುವುದು. ಪೀಚ್ ಬುಟ್ಟಿಗೆ ಮೊಳೆ ಹೊಡೆದ ಆ ಮಾಸ್ತರರು ನಂಬಿ ನಡೆದದ್ದೂ ಇದನ್ನೇ. ಮಗ ಪಂದ್ಯ ಮುಗಿಸಿ ಮನೆಗೆ ಬಂದಾಗ ಗೆದ್ದೆಯಾ ಎಂದು ಕೇಳುವ ಮುನ್ನ ಚೆನ್ನಾಗಿ ಆಡಿದೆಯಾ ಎಂದು ಕೇಳುವ ಹೆತ್ತವರು ನೈಸ್ಮಿತ್‌ರ ಹೆಸರು ಕೇಳದಿದ್ದರೂ ಅವರ ಶಿಷ್ಯರೇ ಸರಿ.