ಜೇಮ್ಸ್ ವೇಲ್ಸ್: ಹಳೆಯ ಮುಂಬಯಿಯ ಚಿತ್ರಕಾರ

ಸಯನ್‌ನಿಂದ ಕುರ್ಲಾದ ಕಡೆಗೆ ದಿನನಿತ್ಯ ಪಯಣಿಸುವವರಿಗೆ ತಾವು ಒಂದು ದ್ವೀಪವನ್ನು ಬಿಟ್ಟು ಇನ್ನೊಂದನ್ನು ಸೇರುತ್ತಿದ್ದೇವೆಂಬ ಅರಿವು ಬಹುಮಟ್ಟಿಗೆ ಇರುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ, ಜೋನಾಥನ್ ಡಂಕನ್ ಗವರ್ನರನಾಗಿದ್ದಾಗ, ಇಲ್ಲಿ ಕಟ್ಟೆದಾರಿ ಸಿದ್ಧವಾಯಿತು. ಅದಕ್ಕೆ ಮುನ್ನ ಮುಂಬಯಿ ದ್ವೀಪಕ್ಕೂ ಕುರ್ಲಾ ಸೇರಿದ್ದ ಸಾಲ್ಸೆಟ್ ದ್ವೀಪಕ್ಕೂ ನಡುವೆ ಖಾಡಿಯ ನೀರಿತ್ತು. ಆ ಕಾಲದಲ್ಲಿ ಸಯನ್ ಕೋಟೆಯಿಂದ ಕಾಣುತ್ತಿದ್ದ ನೋಟವನ್ನು ಚಿತ್ರಿಸಿಟ್ಟವನು ಸ್ಕಾಟ್ಲೆಂಡಿನ ಜೇಮ್ಸ್ ವೇಲ್ಸ್.

1747ರಲ್ಲಿ ಪೀಟರ್‌ಹೆಡ್ ಎಂಬ ಊರಿನಲ್ಲಿ ಜನಿಸಿದ ವೇಲ್ಸ್ ಅಬರ್ಡೀನಿನ ಮಾರಿಷಲ್ ಕಾಲೇಜಿನಲ್ಲಿ ಓದಿದನು. 1788 ಮತ್ತು 1789ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಅವನ ಭಾವಚಿತ್ರಗಳು ಪ್ರದರ್ಶಿತವಾದವು. 1791ರಲ್ಲಿ ಮುಂಬಯಿಗೆ ಬಂದಿಳಿದಾಗ ಅವನಿಗೆ ನಲವತ್ತು ದಾಟಿತ್ತು. ಆ ವರ್ಷ ಮತ್ತು ಮರುವರ್ಷ ಅವನು ಮುಂಬಯಿಯ ಹಾಗೂ ಸುತ್ತಲಿನ ನೋಟಗಳನ್ನು ಬರೆದುಕೊಂಡನು. ಇವುಗಳಲ್ಲಿ ಹನ್ನೆರಡು ಎಚಿಂಗ್ ರೂಪ ಪಡೆದವು. ಮೇಣ ಲೇಪಿಸಿದ ತಾಮ್ರದ ಫಲಕದ ಮೇಲೆ ಸೂಜಿಯಿಂದ ಗೆರೆ ಎಳೆದು, ಆ ಗೆರೆಗಳನ್ನು ಆಮ್ಲದಿಂದ ಕೊರೆಯಿಸಿ ಮುದ್ರಿಸುವ ವಿಧಾನವಿದು.

1792ರಲ್ಲಿ ಪುಣೆಗೆ ಹೋದ ವೇಲ್ಸನಿಗೆ ಅಲ್ಲಿನ ಬ್ರಿಟಿಷ್ ರೆಸಿಡೆಂಟ್ ಚಾರ್ಲ್ಸ್ ಮ್ಯಾಲೆಟ್‌ನ ಆಶ್ರಯ ದೊರೆಯಿತು. ಪೇಶ್ವೆ ಸವಾಯಿ ಮಾಧವರಾಯ, ನಾನಾ ಫಡ್ನವೀಸ್, ಮಹಾದಜಿ ಶಿಂಧೆ ಮೊದಲಾದವರ ಭಾವಚಿತ್ರಗಳನ್ನು ಅವನು ರಚಿಸಿದನು. ಪುಣೆಯ ಕಲಾವಿದ ಗಂಗಾರಾಮ ಚಿಂತಾಮಣ ತಾಂಬಟ ಅವನಿಗೆ ಸಹಾಯಕನಾಗಿ ಒದಗಿದ್ದೂ ಅಲ್ಲಿಯೇ. ಗಂಗಾರಾಮನು ಬರಿಯ ಶಿಷ್ಯನಾಗಿರಲಿಲ್ಲ. ಅವನು ಮ್ಯಾಲೆಟ್‌ಗಾಗಿ ಎಲ್ಲೋರದ ಗುಹೆಗಳನ್ನು ಮೊದಲೇ ಚಿತ್ರಿಸಿದ್ದವನು.

ಗುಹಾದೇವಾಲಯಗಳ ಅಧ್ಯಯನವೇ ವೇಲ್ಸನ ಕೊನೆಯ ವರ್ಷಗಳ ಮುಖ್ಯ ಕಾರ್ಯವಾಯಿತು. ಮೈಸೂರು ಸೀಮೆಯನ್ನು ಸುತ್ತಿ 1793ರಲ್ಲಿ ಮುಂಬಯಿಗೆ ಬಂದ ಥಾಮಸ್ ಮತ್ತು ವಿಲಿಯಂ ಡೇನಿಯಲ್‌ರೊಡನೆ ಅವನು ಎಲಿಫೆಂಟಾ, ಕಾನ್ಹೇರಿಗಳನ್ನು ನೋಡಿದನು. ಮುಂದೆ ಎಲ್ಲೋರದ ಚಿತ್ರಗಳನ್ನು ಬರೆದನು. ಕಾನ್ಹೇರಿಯ ಕೆಲಸದಲ್ಲಿ ತೊಡಗಿದ್ದಾಗ ಜ್ವರಕ್ಕೆ ತುತ್ತಾಗಿ 1795ರ ನವೆಂಬರಿನಲ್ಲಿ ತೀರಿಕೊಂಡನು.

ಅವನ ಕೀರ್ತಿ ಬೆಳೆದದ್ದು ಅನಂತರ. ಮುಂಬಯಿಯ ಹನ್ನೆರಡು ನೋಟಗಳು 1800ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದವು. ಎಲ್ಲೋರದ ಇಪ್ಪತ್ತನಾಲ್ಕು ದೃಶ್ಯಗಳನ್ನು ಥಾಮಸ್ ಡೇನಿಯಲ್ 1803ರಲ್ಲಿ ಹೊರತಂದನು. ಟೀಪೂ ಸುಲ್ತಾನನ ವಿರುದ್ಧ 1790ರಲ್ಲಿ ಪೇಶ್ವೆಯ ದರ್ಬಾರಿನಲ್ಲಿ ನಡೆದ ಒಪ್ಪಂದವನ್ನು ಚಿತ್ರಿಸುವ ಡೇನಿಯಲ್‌ನ 1805ರ ಬೃಹತ್ ಕೃತಿಗೂ ವೇಲ್ಸನ ರೇಖಾಚಿತ್ರಗಳೇ ಆಧಾರ. ಕನ್ನಡನಾಡಿನ ಚರಿತ್ರೆಯನ್ನು ಓದುವವರು ಈ ಚಿತ್ರವನ್ನು ಗಮನಿಸಬೇಕು: ಶ್ರೀರಂಗಪಟ್ಟಣದ ಮೇಲೆ ಬಂದೆರಗಿದ ಮೈತ್ರಿಯ ಮುಖಗಳು ಅದರಲ್ಲಿವೆ.

ಎಲ್ಲೋರದ ಸಂಪುಟದ ಮುಖಪುಟದಲ್ಲಿ ವೇಲ್ಸ್ ಮತ್ತು ಡೇನಿಯಲ್‌ರ ಹೆಸರುಗಳಿವೆ, ಗಂಗಾರಾಮನ ಹೆಸರಿಲ್ಲ. ಅವನ ಚಿತ್ರಗಳು ವೇಲ್ಸನ ಚಿತ್ರಗಳೊಂದಿಗೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಉಳಿದಿರುವುದರಿಂದ ಇಬ್ಬರ ಕೆಲಸವನ್ನೂ ಒಟ್ಟಿಗಿಟ್ಟು ನೋಡಲು ಸಾಧ್ಯವಾಗಿದೆ. ವೇಲ್ಸನು ಭಾರತದಲ್ಲಿ ದುಡಿದದ್ದು ನಾಲ್ಕೇ ವರ್ಷ. ಅಷ್ಟರಲ್ಲಿ ಅವನು ಸಾಧಿಸಿದ್ದನ್ನು ಮೆಚ್ಚುವಾಗ, ಅದರಲ್ಲಿ ಪುಣೆಯ ಆ ಕಲಾವಿದನ ಪಾಲೆಷ್ಟು ಎಂಬುದನ್ನೂ ವಿಚಾರಿಸುವುದು ನ್ಯಾಯ.