ಚನ್ನಬಸವಣ್ಣನವರು ನಡೆದ ದಾರಿ

ಹರ್ತಿಯಲ್ಲಿ ಬೋಧನಾಭ್ಯಾಸದ ವೇಳೆ ನಾನು ತೆಗೆದುಕೊಂಡ ಪಾಠ ನಕ್ಷೆಯ ಅಳತೆ. ಉಳವಿ ಜಾತ್ರೆಯ ಹೆಸರು ಮಕ್ಕಳಿಗೆ ಗೊತ್ತಿರುವುದರಿಂದ ಬಸವಕಲ್ಯಾಣದಿಂದ ಉಳವಿಗೆ ಗೆರೆ ಎಳೆಸಿದೆ. ನೇರ ಗೆರೆಯೇ ಸುಮಾರು 400 ಕಿ.ಮೀ. ಬಂತು. ಇಷ್ಟು ದೂರ ನಡೆದವರು ಯಾರೆಂದು ಕೇಳಿದರು. ಚನ್ನಬಸವಣ್ಣನವರ ಜೀವನ ಹೇಳಿದೆ.

ಅವರು ಬಸವಣ್ಣನವರ ಅಕ್ಕ ನಾಗಮ್ಮನವರ ಮಗ. ಚಿಕ್ಕ ವಯಸ್ಸಿನಲ್ಲೇ ಅನುಭವ ಮಂಟಪದಲ್ಲಿ ಹಿರಿಯರ ಸರಿಸಮನಾಗಿ ಕುಳಿತರು. ಭಕ್ತನಿಂದ ಐಕ್ಯನವರೆಗಿನ ಆರು ಹಂತಗಳನ್ನು ಕ್ರಮವಾಗಿ ವಿವರಿಸಿ ಷಟ್‌ಸ್ಥಲ ಚಕ್ರವರ್ತಿ ಎನಿಸಿದರು.

ಆಗ ಕಲ್ಯಾಣದಲ್ಲಿ ಬಿಜ್ಜಳನ ಆಳ್ವಿಕೆ. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಕುಲದ ಮಧುವರಸರ ಮಗಳಿಗೂ ಮದುವೆಯಾಯಿತು. ಅದಕ್ಕಾಗಿ ಇಬ್ಬರು ತಂದೆಯರಿಗೂ ಕಣ್ಣು ಕೀಳಿಸಿ ಘೋರ ಶಿಕ್ಷೆ ಕೊಟ್ಟರೆಂದು ಶರಣ ಪರಂಪರೆ ಹೇಳುತ್ತದೆ. 1160ರ ದಶಕದ ಕೊನೆಗೆ ಬಿಜ್ಜಳನ ಕೊಲೆಯಾಗಿ, ಶರಣರ ಬೆನ್ನಿಗೆ ಸೈನ್ಯ ಬಿತ್ತು. ಬಸವಣ್ಣನವರು ಕೂಡಲಸಂಗಮಕ್ಕೆ ಹೋಗಿಯಾಗಿತ್ತು. ಉಳಿದವರ ಹೊಣೆ ಸೋದರಳಿಯನ ಹೆಗಲೇರಿತು.

ಪರಂಪರೆಯ ಪ್ರಕಾರ ತಾಯಿ ನಾಗಮ್ಮ ಜೊತೆಗಿದ್ದರು. ಹೆಂಗಸರು, ಮಕ್ಕಳು, ತಾಳೆಗರಿಯ ವಚನದ ಕಟ್ಟುಗಳು ನಡುವೆ. ಬೆನ್ನಟ್ಟಿದವರನ್ನು ತಡೆಯಲು ಹಿಂದೆ ಮಡಿವಾಳ ಮಾಚಿದೇವರು. ಕಾದರವಳ್ಳಿಯಲ್ಲಿ ಕಾಳಗವಾಯಿತು. ಕೊನೆಗೆ ಉಳವಿಯ ದಟ್ಟ ಕಾಡು ಆಸರೆಯಾಯಿತು. ಚನ್ನಬಸವಣ್ಣನವರು ಅಲ್ಲಿಯೇ ಐಕ್ಯರಾದರು.

ಓಡಿ ಹೋಗುವುದು ಅಂಜಿಕೆಯಲ್ಲವೇ ಎಂದು ಹುಡುಗನೊಬ್ಬ ಕೇಳಿದ. ನನ್ನ ಪಾಠಯೋಜನೆಯಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಅಷ್ಟರಲ್ಲಿ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, ಪೈಗಂಬರರೂ ಹೀಗೆಯೇ ಮಕ್ಕಾ ಬಿಟ್ಟು ಮದೀನಾಕ್ಕೆ ಹೋದರೆಂದು ಮನೆಯಲ್ಲಿ ಕೇಳಿದ್ದನ್ನು ಹೇಳಿದಳು. ಅದು ನಡೆದದ್ದು 622ರಲ್ಲಿ, ಹಿಜರಿ ವರ್ಷದ ಎಣಿಕೆ ಅಲ್ಲಿಂದಲೇ ಶುರು ಎಂದು ನಾನು ಸೇರಿಸಿದೆ. ಅದಕ್ಕೂ ಮೊದಲು ಮಕ್ಕಾದ ಹಿಂಸೆ ತಾಳದೆ ಕೆಲವರು ಸಮುದ್ರ ದಾಟಿ ಅಬಿಸೀನಿಯಾಕ್ಕೆ ಹೋದಾಗ, ಅವರಿಗೆ ಆಸರೆ ಕೊಟ್ಟವನು ಕ್ರೈಸ್ತ ದೊರೆ.

ಕಲ್ಯಾಣದಲ್ಲೇ ಎಲ್ಲರೂ ಸತ್ತಿದ್ದರೆ ಏನು ಉಳಿಯುತ್ತಿತ್ತು ಎಂದು ತರಗತಿಗೆ ಕೇಳಿದೆ. ಊರೂರಿನ ಮನೆ, ಮಠಗಳಲ್ಲಿ ತಾಳೆಗರಿಗಳು ಉಳಿದಿದ್ದರಿಂದಲೇ ಫ.ಗು. ಹಳಕಟ್ಟಿಯವರು ಅಲೆದು ಹುಡುಕಿ, 1923ರಲ್ಲಿ ವಚನಶಾಸ್ತ್ರಸಾರ ಅಚ್ಚು ಹಾಕಿಸಲು ಸಾಧ್ಯವಾಯಿತು. ಪ್ರಶ್ನೆ ಕೇಳಿದ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಅವರು ಓಡಿದ್ದಲ್ಲ, ಹೊತ್ತುಕೊಂಡು ಹೋದದ್ದು ಎಂದ.

ಗಂಟೆ ಹೊಡೆಯಿತು. ಅಳತೆಯ ಎರಡು ಲೆಕ್ಕ ಉಳಿದೇ ಹೋದವು. ಪಾಠ ಮುಗಿಸಲಿಲ್ಲವೆಂದು ಅಂಕ ಕಡಿಮೆ ಬಂತು, ಅದು ಸರಿಯೇ. ಮರುದಿನ ಆ ಹುಡುಗನೂ ಹುಡುಗಿಯೂ ಒಂದೇ ನಕ್ಷೆ ಹಿಡಿದು ಬಂದರು. ಮಕ್ಕಾದಿಂದ ಮದೀನಾಕ್ಕೆ ಎಷ್ಟು ದೂರವೆಂದು ಅವರಿಬ್ಬರೂ ಅಳೆಯಬೇಕಿತ್ತು.